ವಿಶೇಷ ಮಕ್ಕಳ ಟೀಚರ್ ಆಗಬೇಕಾ? ಮೊದಲು ಹೋಗಿ ಕೂತು ನೋಡಿ

ಕಳೆದ ತಿಂಗಳು ಈ ಅಂಕಣದಲ್ಲಿ ಬೌದ್ಧಿಕ ವಿಕಲತೆ ಇರುವ ಮಕ್ಕಳಿಗೆ ದುಡ್ಡಿನ ಲೆಕ್ಕ ಕಲಿಸುವ ಬಗ್ಗೆ ಬರೆದಿದ್ದೆ. ನಿಜವಾದ ನೋಟು ಚಿಲ್ಲರೆ ಕೊಟ್ಟು, ನಿಜವಾದ ಅಂಗಡಿಗೆ ಕಳಿಸಿ ಅಂದಿದ್ದೆ. ಬಂದ ಪತ್ರಗಳಲ್ಲಿ ಲೆಕ್ಕದ ಬಗ್ಗೆ ಕೇಳಿದವರು ಕಡಿಮೆ. "ಈ ಕೆಲಸಕ್ಕೆ ಬರೋದು ಹೇಗೆ ಟೀಚರ್" ಅಂತ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅದೇ.

ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ 68 ಪರ್ಸೆಂಟ್ ಬಂದಿದೆ. ಪಕ್ಕದ ಮನೆಯಲ್ಲಿ ಡೌನ್ ಸಿಂಡ್ರೋಮ್ ಇರುವ ಹುಡುಗಿ ಇದ್ದಾಳೆ, ನನ್ನ ಜೊತೆ ತುಂಬಾ ಸಲಿಗೆ. ನನಗೆ ವಿಶೇಷ ಶಿಕ್ಷಕಿ ಆಗುವ ಆಸೆ. ಅಪ್ಪ ಮಾತ್ರ "ಅದು ಸೇವೆ ಮಾಡೋರ ಕೆಲಸ, ಹೊಟ್ಟೆ ತುಂಬಲ್ಲ" ಅಂತಾರೆ. ಯಾವ ಕೋರ್ಸ್ ಮಾಡಲಿ?
ವಿದ್ಯಾರ್ಥಿನಿ, ಹೊಸದುರ್ಗ

ನಿಮ್ಮಪ್ಪ ಹೇಳಿದ್ದರಲ್ಲಿ ಅರ್ಧ ನಿಜ ಇದೆಯಮ್ಮ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೋರ್ಸ್ ವಿಷಯ.

ಪಿಯುಸಿ ಆದವರಿಗೆ ಇರುವುದು ಡಿ.ಎಡ್. ಸ್ಪೆಷಲ್ ಎಜುಕೇಶನ್, ಎರಡು ವರ್ಷದ್ದು. ಕಲಾ ವಿಭಾಗವಾದರೂ ಪರವಾಗಿಲ್ಲ, 50 ಪರ್ಸೆಂಟ್ ಇದ್ದರೆ ಸಾಕು. ಸೇರುವಾಗಲೇ ಒಂದು ವಿಭಾಗ ಆರಿಸಿಕೊಳ್ಳಬೇಕು. ಕಿವಿ ಕೇಳದ ಮಕ್ಕಳದ್ದು ಒಂದು, ಕಣ್ಣು ಕಾಣದ ಮಕ್ಕಳದ್ದು ಒಂದು, ಬೌದ್ಧಿಕ ಮತ್ತು ಬೆಳವಣಿಗೆಯ ತೊಂದರೆ ಇರುವ ಮಕ್ಕಳದ್ದು ಇನ್ನೊಂದು. ನಿನ್ನ ಪಕ್ಕದ ಮನೆ ಹುಡುಗಿಯಂಥವರಿಗೆ ಕಲಿಸಬೇಕು ಅಂದರೆ ಮೂರನೆಯದು. ಪದವಿ ಮುಗಿಸಿ ಬರುವವರಿಗೆ ಬಿ.ಎಡ್. ಸ್ಪೆಷಲ್ ಎಜುಕೇಶನ್ ಇದೆ, ಅದೂ ಎರಡು ವರ್ಷ.

ಯಾವ ಕಾಲೇಜು ಅನ್ನುವುದಕ್ಕಿಂತ ಮೊದಲು ನೋಡಬೇಕಾದ್ದು ಆರ್‌ಸಿಐ ಅನುಮತಿ. ಭಾರತೀಯ ಪುನರ್ವಸತಿ ಪರಿಷತ್ತು ಅಂತ ಅದರ ಪೂರ್ತಿ ಹೆಸರು, ಆದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಆರ್‌ಸಿಐ. 1992ರ ಕಾಯ್ದೆಯಿಂದ ಅಧಿಕಾರ ಪಡೆದ ಸಂಸ್ಥೆ. ಒಂದು ಕಾಲೇಜಿಗೆ ಒಂದು ಕೋರ್ಸ್‌ಗೆ ಅನುಮತಿ ಇದ್ದರೆ ಪಕ್ಕದ ಕೋರ್ಸ್‌ಗೂ ಇದೆ ಅಂತ ಅಲ್ಲ. ಹೋದ ವರ್ಷ ಇತ್ತು ಅಂದರೆ ಈ ವರ್ಷವೂ ಇದೆ ಅಂತಲೂ ಅಲ್ಲ. ಆರ್‌ಸಿಐ ವೆಬ್‌ಸೈಟ್‌ನಲ್ಲಿ ಪಟ್ಟಿ ಇರುತ್ತದೆ. ಕಾಲೇಜಿನ ಹೆಸರು, ಕೋರ್ಸಿನ ಹೆಸರು, ಈ ಸಾಲಿನ ವರ್ಷ, ಮೂರೂ ಒಂದೇ ಸಾಲಿನಲ್ಲಿ ಕಾಣಿಸಿದರೆ ಮಾತ್ರ ಫೀಸು ಕಟ್ಟು. ಪಾಸಾದ ಮೇಲೆ ಆರ್‌ಸಿಐನಲ್ಲೇ ನೋಂದಣಿ ಮಾಡಿಸಿದರೆ ಸಿಆರ್‌ಆರ್, ಅಂದರೆ ಕೇಂದ್ರ ಪುನರ್ವಸತಿ ನೋಂದಣಿಯ ನಂಬರ್ ಕೊಡುತ್ತಾರೆ. ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದೇ ಅದನ್ನು.

ಆದರೆ ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡು. ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಒಂದು ವಿಶೇಷ ಶಾಲೆಗೆ ಹೋಗಿ, ಮುಖ್ಯಶಿಕ್ಷಕಿಯನ್ನು ಕೇಳಿ, ಒಂದು ವಾರ ತರಗತಿಯ ಮೂಲೆಯಲ್ಲಿ ಕೂರು. ಹಾಡು ಕುಣಿತದ ಹೊತ್ತಲ್ಲಿ ಎಲ್ಲರಿಗೂ ಖುಷಿಯೇ. ನೀನು ಊಟದ ಹೊತ್ತು ನೋಡು. ಹನ್ನೆರಡು ವರ್ಷದ ಹುಡುಗ ಚಡ್ಡಿಯಲ್ಲೇ ಮಾಡಿಕೊಂಡಾಗ ಟೀಚರ್ ಏನು ಮಾಡುತ್ತಾರೆ, ಯಾವ ದನಿಯಲ್ಲಿ ಮಾತಾಡುತ್ತಾರೆ ನೋಡು. ಒಬ್ಬಳು ಹುಡುಗಿ ಒಂದೇ ಗುಂಡಿ ಹಾಕಿಕೊಳ್ಳುವುದನ್ನು ವಾರಪೂರ್ತಿ ಕಲಿಯುತ್ತಾಳೆ. ಅದು ನೋಡ್ತಾ ನಿನಗೆ ಬೇಜಾರು ಬಂತಾ, ಇಲ್ಲ "ಟೀಚರ್ ಕೈ ಯಾಕೆ ಅಲ್ಲಿ ಹಿಡಿದರು" ಅಂತ ಕುತೂಹಲ ಬಂತಾ? ಎರಡನೆಯದಾದರೆ ಬಾ. ಸಲಿಗೆ ಒಳ್ಳೆಯದೇ, ಆದರೆ ಅದನ್ನು ನೆಚ್ಚಿಕೊಂಡು ಬಂದವರು ಆರು ತಿಂಗಳಲ್ಲಿ ಸುಸ್ತಾಗುವುದನ್ನು ತುಂಬಾ ನೋಡಿದ್ದೇನೆ.

ಈಗ ಅಪ್ಪನ ಮಾತು. ಸ್ವಯಂಸೇವಾ ಸಂಸ್ಥೆಗಳ ಶಾಲೆಯಲ್ಲಿ ಸಂಬಳ ಕಡಿಮೆ, ಸುಳ್ಳು ಹೇಳಲ್ಲ. ಸರ್ಕಾರದ ಶಿಶು ಕೇಂದ್ರಿತ ಅನುದಾನದ ಮೇಲೆ ನಡೆಯುವ ಶಾಲೆಗಳಲ್ಲಿ ಅನುದಾನ ತಡವಾದರೆ ಸಂಬಳವೂ ತಡ. ನಾನು ಮೊದಲು ಕೆಲಸ ಮಾಡಿದ ಕಡೆ ದಸರಾ ಸಂಬಳ ಸಂಕ್ರಾಂತಿಗೆ ಬಂದಿದ್ದುಂಟು. ದೊಡ್ಡ ಊರಿನ ಖಾಸಗಿ ಶಾಲೆಗಳಲ್ಲಿ ಪರಿಸ್ಥಿತಿ ಬೇರೆ, ಅಲ್ಲಿ ಈಗ ಸ್ಪೆಷಲ್ ಎಜುಕೇಟರ್ ಬೇಕೇ ಬೇಕು. ಸರ್ಕಾರಿ ಶಾಲೆಗಳ ವಿಷಯಕ್ಕೆ ಬಂದರೆ, 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಪ್ರಾಥಮಿಕದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬರು, ಅದಕ್ಕೂ ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂತ. 2025ರ ಮಾರ್ಚ್‌ನಲ್ಲಿ ಅದೇ ಕೋರ್ಟು, ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಅಂತ ರಾಜ್ಯಗಳಿಗೆ ಮತ್ತೆ ಹೇಳಿತು. ಕೋರ್ಟ್ ಹೇಳಿದ ಮರುದಿನ ನೇಮಕಾತಿ ಆಗಲ್ಲ, ಅದು ನಿಮ್ಮಪ್ಪನಿಗೂ ಗೊತ್ತು. ಆದರೆ ಹುದ್ದೆ ತೆರೆದ ದಿನ ಕೈಯಲ್ಲಿ ಸಿಆರ್‌ಆರ್ ನಂಬರ್ ಇದ್ದವರೇ ಅರ್ಜಿ ಹಾಕೋದು. ಡಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿಕೋ, ಜೊತೆಗೇ ಪದವಿ ಓದು, ಆಮೇಲೆ ಬಿ.ಎಡ್. ಸ್ಪೆಷಲ್. ಹೀಗೆ ಲೆಕ್ಕ ಹಾಕಿ ಹೇಳಿದರೆ ಅಪ್ಪ ಒಪ್ಪಬಹುದು.

ಮೊಬೈಲ್‌ನಲ್ಲಿ ಒಂದು ಜಾಹೀರಾತು ಬಂತು. "ಮಕ್ಕಳ ಮನಶ್ಶಾಸ್ತ್ರ ಮತ್ತು ಸ್ಪೆಷಲ್ ಎಜುಕೇಶನ್ ಡಿಪ್ಲೊಮಾ", ಮೂರು ತಿಂಗಳು, ಆನ್‌ಲೈನ್, 28,000 ರೂಪಾಯಿ. ಐಎಸ್‌ಒ ಮಾನ್ಯತೆ ಇದೆಯಂತೆ. ಸೇರಬಹುದಾ?
ಗೃಹಿಣಿ, ತುಮಕೂರು

ಬೇಡ.

ಐಎಸ್‌ಒ ಅನ್ನುವುದು ಆ ಸಂಸ್ಥೆ ತನ್ನ ಕೆಲಸವನ್ನು ಒಂದು ಕ್ರಮದಲ್ಲಿ ನಡೆಸುತ್ತದೆ ಅನ್ನುವುದಕ್ಕೆ ಸಿಗುವ ಸರ್ಟಿಫಿಕೇಟ್. ಬಿಸ್ಕತ್ ಫ್ಯಾಕ್ಟರಿಗೂ ಸಿಗುತ್ತದೆ. ಅದನ್ನು ತೋರಿಸಿ ಟೀಚರ್ ಆಗಲು ಬರುವುದಿಲ್ಲ. ಆರ್‌ಸಿಐ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿ ಕೇಳಿ ನಗಬೇಡಿ, 1992ರ ದಂಡ ಅದು.

ನಿಮಗೆ ಬೇಕಿರುವುದು ಚಿಕ್ಕ ಅವಧಿಯದ್ದೇ ಆದರೆ ಸಿಬಿಐಡಿ (ಸಮುದಾಯ ಆಧಾರಿತ ಸಮನ್ವಯ ಅಭಿವೃದ್ಧಿ) ಅಂತ ಆರು ತಿಂಗಳ ಕೋರ್ಸ್ ಇದೆ. ಆರ್‌ಸಿಐ ಮತ್ತು ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯ ಸೇರಿ 2021ರಲ್ಲಿ ಶುರು ಮಾಡಿದ್ದು. ಹಳ್ಳಿ, ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ, ತೊಂದರೆ ಇರುವವರನ್ನು ಗುರುತಿಸಿ, ಮನೆಯವರಿಗೆ ದಾರಿ ತೋರಿಸುವ ಕೆಲಸಕ್ಕೆ ತಯಾರು ಮಾಡುತ್ತದೆ. ಅದು ಮಾಡಿದರೆ ಶಿಕ್ಷಕಿ ಆಗುವುದಿಲ್ಲ, ಅದೂ ಗೊತ್ತಿರಲಿ.

ನನ್ನ ಮಗನಿಗೆ ಏಳು ವರ್ಷ, ಆಟಿಸಂ ಇದೆ. ಇನ್ನೂ ಮಾತಿಲ್ಲ. ಥೆರಪಿಗೆ ಓಡಾಡಲು ಕೆಲಸ ಬಿಟ್ಟೆ. ಬಿ.ಎಸ್ಸಿ. ಓದಿದ್ದೇನೆ, 38 ವರ್ಷ. ನಾನೇ ತರಬೇತಿ ಪಡೆದು ಅವನಿಗೆ ಕಲಿಸಿ, ಮುಂದೆ ಒಂದು ಸೆಂಟರ್ ತೆರೆಯಬೇಕು ಅಂತಿದೆ. ತಡವಾಯಿತಾ ಮೇಡಂ?
ಒಬ್ಬ ತಾಯಿ, ಹುಬ್ಬಳ್ಳಿ

ತಡ ಏನೂ ಆಗಿಲ್ಲ. ನಾನು ಪಾಠ ಮಾಡಿದ ಡಿಪ್ಲೊಮಾ ಬ್ಯಾಚ್‌ಗಳಲ್ಲಿ ತಾಯಂದಿರು ಇದ್ದೇ ಇರುತ್ತಿದ್ದರು. ಮಗು ಯಾಕೆ ಕೂಗಿತು ಅಂತ ಇಪ್ಪತ್ತರ ಹುಡುಗಿಯರು ಪುಸ್ತಕದಲ್ಲಿ ಹುಡುಕುವಷ್ಟರಲ್ಲಿ ಅವರು ಫ್ಯಾನ್ ಆಫ್ ಮಾಡಿ ಬಂದಿರುತ್ತಿದ್ದರು. ಫ್ಯಾನಿನ ಸದ್ದು ಕೆಲವು ಮಕ್ಕಳಿಗೆ ಆಗುವುದಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆಸೆ ಒಂದರೊಳಗೊಂದು ಸೇರಿಕೊಂಡಿವೆ. ಮಗನಿಗೆ ಕಲಿಸುವುದು ಒಂದು. ಈ ವೃತ್ತಿಗೆ ಬರುವುದು ಇನ್ನೊಂದು. ಮೊದಲನೆಯದಕ್ಕೆ ಎರಡು ವರ್ಷದ ಕೋರ್ಸ್ ಮುಗಿಯುವ ತನಕ ಕಾಯಬೇಕಿಲ್ಲ, ಇವತ್ತೇ ಶುರು ಮಾಡಬಹುದು.

ಈಗ ಹೋಗುತ್ತಿರುವ ಥೆರಪಿಯಲ್ಲಿ ನಿಮ್ಮನ್ನು ಒಳಗೆ ಕೂರಿಸುತ್ತಾರಾ? ಬಾಗಿಲು ಹಾಕಿಕೊಂಡು 45 ನಿಮಿಷ ಆದಮೇಲೆ ಮಗುವನ್ನು ಹೊರಗೆ ಬಿಡುವ ಕಡೆ ನೀವು ದುಡ್ಡು ಕೊಟ್ಟು ಏನೂ ಕಲಿಯುವುದಿಲ್ಲ. ಕೇಳಿ. ಒಪ್ಪದಿದ್ದರೆ ಬೇರೆ ಕಡೆ ನೋಡಿ. ಮನೆಯಲ್ಲಿ ಏನು ಮಾಡಬೇಕು ಅಂತ ಬರೆಸಿಕೊಂಡು ಬನ್ನಿ.

ಮಾತಿಲ್ಲ ಅಂದಿರಿ. ಅವನಿಗೆ ಚಕ್ಕುಲಿ ಬೇಕಾದಾಗ ಏನು ಮಾಡುತ್ತಾನೆ? ನಿಮ್ಮ ಕೈ ಹಿಡಿದು ಡಬ್ಬದ ಹತ್ತಿರ ಎಳೆದುಕೊಂಡು ಹೋಗ್ತಾನೆ, ಅಲ್ವಾ? ನೀವು ತಕ್ಷಣ ಕೊಟ್ಟುಬಿಡುತ್ತೀರಿ. ಇನ್ನು ಮೇಲೆ ಹಾಗೆ ಮಾಡಬೇಡಿ. ಚಕ್ಕುಲಿಯ ಫೋಟೋ ಒಂದು ಕಾರ್ಡಿಗೆ ಅಂಟಿಸಿ ಡಬ್ಬದ ಪಕ್ಕ ಇಡಿ. ಅವನ ಹಿಂದೆ ಇನ್ನೊಬ್ಬರು ಕೂತು, ಕಾರ್ಡ್ ಎತ್ತಿ ನಿಮ್ಮ ಕೈಗೆ ಕೊಡುವ ತನಕ ಅವನ ಕೈಗೆ ಸಹಾಯ ಮಾಡಲಿ. ಕಾರ್ಡ್ ಬಂದ ಕ್ಷಣ "ಚಕ್ಕುಲಿ" ಅನ್ನಿ, ಒಂದು ಚೂರು ಕೊಡಿ. ಪೂರ್ತಿ ಚಕ್ಕುಲಿ ಬೇಡ, ಚೂರು. ಆಗಲೇ ಅವನು ಮತ್ತೆ ಕೇಳೋದು. ಹಿಂದೆ ಕೂತವರ ಸಹಾಯ ಬರಬರುತ್ತಾ ಕಡಿಮೆಯಾಗಬೇಕು. "ಚಿತ್ರ ತೋರಿಸಿದರೆ ಮಾತು ಬರಲ್ಲ" ಅಂತ ಅತ್ತೆ ಹೇಳಬಹುದು. ಕೇಳುವುದು ಹೇಗೆ ಅಂತ ತಿಳಿದ ಮಗುವಿಗೆ ಮಾತು ಬರುವ ದಾರಿ ಮುಚ್ಚುವುದಿಲ್ಲ. ಅಳುವುದು ಮಾತ್ರ ಕಡಿಮೆ ಆಗುತ್ತದೆ.

ಚಡ್ಡಿ ಹಾಕಿಕೊಳ್ಳುವುದು ಕಲಿಸುವಾಗ ಕೊನೆಯಿಂದ ಶುರು ಮಾಡಿ. ಮೊಣಕಾಲವರೆಗೆ ನೀವು ಏರಿಸಿ, ಅಲ್ಲಿಂದ ಸೊಂಟಕ್ಕೆ ಎಳೆದುಕೊಳ್ಳುವುದು ಅವನ ಕೆಲಸ. ಅದು ಬಂದ ಮೇಲೆ ಪಾದದಿಂದ. ಕೆಲಸ ಮುಗಿಸಿದ ಖುಷಿ ಮೊದಲ ದಿನವೇ ಅವನಿಗೇ ಸಿಗುತ್ತದೆ. ಈ ವೃತ್ತಿಯ ತರಬೇತಿ ಅಂದರೆ ಬಹುಪಾಲು ಇದೇ: ಒಂದು ಕೆಲಸವನ್ನು ಎಷ್ಟು ಚೂರು ಮಾಡಬಹುದು, ಯಾವ ಚೂರಿಗೆ ಎಷ್ಟು ಸಹಾಯ, ಆ ಸಹಾಯ ಯಾವಾಗ ತೆಗೆಯಬೇಕು. ಇದನ್ನೆಲ್ಲ ಬರೆದಿಡುವುದು ಇನ್ನರ್ಧ. "ಊಟ ಕಲಿಸುವುದು" ಅಂತ ಬರೆದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. "ಕಲಸಿದ ಅನ್ನವನ್ನು ಚಮಚದಲ್ಲಿ ಎತ್ತಿ, ಚೆಲ್ಲದೆ ಬಾಯಿಗೆ ತರುವುದು, ಐದರಲ್ಲಿ ನಾಲ್ಕು ಸಲ" ಅಂತ ಬರೆಯಬೇಕು.

ಇನ್ನು ವೃತ್ತಿ. ಬಿ.ಎಸ್ಸಿ.ಯಲ್ಲಿ 50 ಪರ್ಸೆಂಟ್ ಇದ್ದರೆ ಬಿ.ಎಡ್. ಸ್ಪೆಷಲ್‌ಗೆ ಅರ್ಜಿ ಹಾಕಬಹುದು. ಹಾಜರಿ ಕಡ್ಡಾಯ, ಶಾಲೆಗಳಲ್ಲಿ ಪಾಠ ಅಭ್ಯಾಸ ಇರುತ್ತದೆ, ಮಕ್ಕಳ ಕೇಸ್ ಫೈಲ್ ಬರೆಯಬೇಕು. ಆ ಎರಡು ವರ್ಷ ಮಗನನ್ನು ಶಾಲೆಯಿಂದ ಕರೆತರುವವರು ಯಾರು? ಅವನಿಗೆ ಜ್ವರ ಬಂದರೆ ಯಾರು ರಜೆ ಹಾಕುತ್ತಾರೆ? ಯಜಮಾನರ ಜೊತೆ ಕೂತು ಇದನ್ನು ಮೊದಲು ತೀರ್ಮಾನಿಸಿ. ಎಷ್ಟೋ ತಾಯಂದಿರು ಪರೀಕ್ಷೆಯಲ್ಲಿ ಫೇಲಾಗಿ ಕೋರ್ಸ್ ಬಿಟ್ಟವರಲ್ಲ, ಸಂಜೆ ನಾಲ್ಕು ಗಂಟೆಗೆ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಬಿಟ್ಟವರು.

ಮಕ್ಕಳಿಗಾಗಿಯೇ ಈ ಕ್ಷೇತ್ರಕ್ಕೆ ಬಂದು ದೊಡ್ಡ ಕೆಲಸ ಮಾಡಿದವರಿದ್ದಾರೆ. ಮುಂಬೈನಲ್ಲಿ ಮಿಥು ಆಲೂರ್ ಅವರು ಸೆರೆಬ್ರಲ್ ಪಾಲ್ಸಿ ಇದ್ದ ಮಗಳಿಗೆ ಶಾಲೆ ಸಿಗದೆ 1972ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಶುರು ಮಾಡಿದರು. ಆದರೂ ಕೋರ್ಸ್ ಮುಗಿದ ವರ್ಷವೇ ನೀವು ಸೆಂಟರ್ ತೆರೆಯುವುದು ನನಗೆ ಇಷ್ಟವಿಲ್ಲ. ನೀವು ಆಳವಾಗಿ ಬಲ್ಲಿರಿ ನಿಜ, ಬಲ್ಲದ್ದು ಒಂದೇ ಮಗುವನ್ನು. ನಿಮ್ಮ ಮಗ ಮುಟ್ಟಿದರೆ ದೂರ ಸರಿಯಬಹುದು, ಮುಂದಿನ ಮಗು ಬಂದು ತೊಡೆಯ ಮೇಲೇ ಹತ್ತಿ ಕೂರುತ್ತದೆ. ಬೇರೆಯವರ ಕೈಕೆಳಗೆ, ಬೇರೆಯವರ ಮಕ್ಕಳ ಜೊತೆ ಕೆಲವು ವರ್ಷ ಕೆಲಸ ಮಾಡಿ. ಸೆಂಟರ್ ತೆರೆದಾಗಲೂ ಮಾತಿನ ತರಬೇತಿಯನ್ನು ನೀವೇ ಮಾಡಲು ಹೋಗಬೇಡಿ. ಅದಕ್ಕೆ ಬಿಎಎಸ್‌ಎಲ್‌ಪಿ ಅಂತ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಓದು ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ 1960ರ ದಶಕದಿಂದ ಅದೇ ಕೆಲಸಕ್ಕೆ ಜನರನ್ನು ತಯಾರು ಮಾಡುತ್ತಿದ್ದಾರೆ. ಆಕ್ಯುಪೇಶನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳು ಕೈಗೆ ಬರುವ ಹಾಗೆ ಮಾಡುವ ಚಿಕಿತ್ಸೆ, ಇನ್ನೊಂದು ಓದು. ಒಬ್ಬರೇ ಎಲ್ಲವನ್ನೂ ಮಾಡುತ್ತೇವೆ ಅನ್ನುವ ಬೋರ್ಡ್ ಕಂಡರೆ ನನಗೆ ಭಯ.

ಸರ್ಕಾರಿ ಶಾಲೆಯಲ್ಲಿ ಶಿಕ್ಷಕ. 4ನೇ ತರಗತಿಯ ಒಬ್ಬ ಹುಡುಗ ಮಾತಿನಲ್ಲಿ ಚುರುಕು, ಕುರಿ ವ್ಯಾಪಾರದ ಲೆಕ್ಕ ಬಾಯಲ್ಲೇ ಹೇಳುತ್ತಾನೆ. ಓದು ಮಾತ್ರ ಬರುವುದಿಲ್ಲ. "ದಡ್ಡ, ಬಿಟ್ಬಿಡ್ರಿ" ಅಂತಾರೆ ಉಳಿದವರು. ಎರಡು ವರ್ಷ ರಜೆ ಹಾಕಿ ಕೋರ್ಸ್ ಮಾಡಲು ಆಗುವುದಿಲ್ಲ. ನಾನೇನು ಕಲಿಯಬಹುದು?
ಶಿಕ್ಷಕ, ಕುಷ್ಟಗಿ ತಾಲ್ಲೂಕು

ಸರ್, ಈ ಸಲದ ಪತ್ರಗಳಲ್ಲಿ ನನಗೆ ಅತಿ ಇಷ್ಟವಾದದ್ದು ನಿಮ್ಮದು. ಕುರಿ ಲೆಕ್ಕ ಬಾಯಲ್ಲಿ ಹೇಳುವವನು ದಡ್ಡನಂತೆ! ಉಳಿದವರಿಗೆ ಹೇಳಿ, ಆ ಲೆಕ್ಕ ಅವರೂ ಒಮ್ಮೆ ಬಾಯಲ್ಲಿ ಮಾಡಲಿ.

ಮೊದಲು ಕಣ್ಣು, ಕಿವಿ ಪರೀಕ್ಷೆ. ಕಿವಿ ಸೋರುತ್ತಿದ್ದು ಯಾರೂ ಗಮನಿಸದ ಮಕ್ಕಳು ಎಷ್ಟೋ. ಅದು ಸರಿ ಇದೆ ಅಂತಾದ ಮೇಲೆ ಮುಂದಿನದು. ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ, ಅಂದರೆ ವಿಶೇಷ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಅವರನ್ನು ಕರೆಸಿ. ಎನ್‌ಸಿಇಆರ್‌ಟಿಯ ಪ್ರಶಸ್ತ್ ಆ್ಯಪ್‌ನಲ್ಲಿ ಶಿಕ್ಷಕರೇ ತುಂಬುವ ಪಟ್ಟಿ ಇದೆ. ಅದು ತೊಂದರೆ ಇರಬಹುದಾ ಅಂತ ಸುಳಿವು ಕೊಡುತ್ತದೆ ಅಷ್ಟೇ. ಅದನ್ನು ನೋಡಿ "ಇವನಿಗೆ ಡಿಸ್ಲೆಕ್ಸಿಯಾ" ಅಂತ ಅಪ್ಪನಿಗೆ ಹೇಳಿ ಕಳಿಸಬೇಡಿ. ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಿದ್ದೂ ಓದು, ಬರಹ, ಲೆಕ್ಕ ಹತ್ತದ ತೊಂದರೆ, ಇದೆಯೋ ಇಲ್ಲವೋ ಅಂತ ನಿರ್ಧರಿಸಲು ನಿಮ್ಹಾನ್ಸ್ ತಯಾರಿಸಿದ ಪರೀಕ್ಷೆಗಳಿವೆ, ಅವನ್ನು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಮಾಡಬೇಕು. ಎಂಟು ವರ್ಷ ದಾಟಿದ ಮಕ್ಕಳಿಗೆ ಮಾಡುತ್ತಾರೆ, ನಿಮ್ಮ ಹುಡುಗ ದಾಟಿರುತ್ತಾನೆ. ಅಂಗವಿಕಲರ 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆ ಮಾತ್ರ ಇತ್ತು, ಕಲಿಕಾ ನ್ಯೂನತೆ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಬಗೆ, ಅದರಲ್ಲಿ ಇದೂ ಒಂದು. ಪ್ರಮಾಣಪತ್ರ ಈಗಲೇ ಆದರೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಇವಕ್ಕೆಲ್ಲ ಓಡಾಟ ಕಡಿಮೆ ಆಗುತ್ತದೆ. ಹತ್ತನೇ ತರಗತಿಯ ಜನವರಿಯಲ್ಲಿ ಆಸ್ಪತ್ರೆ ಬಾಗಿಲಲ್ಲಿ ನಿಂತ ಪೋಷಕರನ್ನು ನೋಡಿದವಳು ನಾನು.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಬಹಳ ಇದೆ. ಅವನು ಓದುವಾಗ ಪಕ್ಕ ಕೂತು, ಅವನು ಓದಿದ್ದನ್ನು ಓದಿದ ಹಾಗೆಯೇ ಬರೆದುಕೊಳ್ಳಿ. ತಿದ್ದಬೇಡಿ. ಎರಡು ವಾರದಲ್ಲಿ ಒಂದು ಚಿತ್ರ ಸಿಗುತ್ತದೆ. "ಹಬ್ಬ"ವನ್ನು "ಹಬ" ಅಂತಾನಾ? ಹಾಗಾದರೆ ಒತ್ತಕ್ಷರ ಹಿಡಿದಿಲ್ಲ. "ಮಾರ"ವನ್ನೂ "ಮರ"ವನ್ನೂ ಒಂದೇ ಓದುತ್ತಾನಾ? ದೀರ್ಘ ಕಿವಿಗೂ ಕಣ್ಣಿಗೂ ಬಿದ್ದಿಲ್ಲ. ವ ಮತ್ತು ಮ, ಪ ಮತ್ತು ಷ, ಬ ಮತ್ತು ಭ ಅದಲು ಬದಲಾಗುತ್ತವಾ? ಆಕಾರದ ಗೊಂದಲ. ಮೂರಕ್ಕೂ ಮದ್ದು ಬೇರೆ ಬೇರೆ. "ಹತ್ತು ಸಲ ಬರೆದುಕೊಂಡು ಬಾ" ಅನ್ನುವುದು ಮೂರಕ್ಕೂ ಮದ್ದಲ್ಲ.

ಪುಸ್ತಕ ಮುಚ್ಚಿ ಬಾಯಾಟ ಆಡಿಸಿ. "ಸಗಣಿಯಲ್ಲಿ ಸ ತೆಗೆದರೆ?" "ಗಣಿ." ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಇನ್ನೊಂದು ಕೇಳಿ ಅಂತಾರೆ. ಶಬ್ದವನ್ನು ಒಡೆಯುವುದು ಕಿವಿಗೆ ಬಂದ ಮೇಲೆ ಅಕ್ಷರ ಕಲಿಸುವುದು ಸುಲಭ. ಆಕಾರದ ಗೊಂದಲಕ್ಕೆ ತಟ್ಟೆಯಲ್ಲಿ ರವೆ ಹರಡಿ ಬೆರಳಲ್ಲಿ ಬರೆಸಿ, ಬರೆಯುತ್ತಾ ಜೋರಾಗಿ ಹೇಳಲಿ. ವ ಮತ್ತು ಮ ಎರಡನ್ನೂ ಒಂದೇ ದಿನ ಕಲಿಸಬೇಡಿ, ನಡುವೆ ಬೇರೆ ಅಕ್ಷರ ಬರಲಿ. ಒತ್ತಕ್ಷರದಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು ಬರುವಂಥವು ಮೊದಲು: ಅಕ್ಕ, ಅಪ್ಪ, ಹಬ್ಬ. "ರಾಷ್ಟ್ರ" ಮುಂದಿನ ವರ್ಷಕ್ಕಿರಲಿ.

ಇನ್ನೊಂದು. ಅವನು ಕುರಿ ಸಂತೆಯ ಬಗ್ಗೆ ಹೇಳಲಿ, ನೀವು ಅವನ ಮಾತಲ್ಲೇ ಬರೆಯಿರಿ, "ಹೋಗೀವಿ" ಅಂದರೆ "ಹೋಗೀವಿ" ಅಂತಲೇ. ನಾಲ್ಕು ಸಾಲು ಸಾಕು. ಅವನ ಓದಿನ ಪಾಠ ಅದು. ಮುಂದಿನ ಪದ ಏನು ಅಂತ ಅವನಿಗೆ ಗೊತ್ತಿರುತ್ತದೆ, ಹಾಗಾಗಿ ಅಕ್ಷರಕ್ಕೆ ಹೆದರುವುದಿಲ್ಲ. ಪರಿಸರ ಅಧ್ಯಯನದ ಉತ್ತರ ಬಾಯಲ್ಲೇ ಹೇಳಿಸಿ ಅಂಕ ಕೊಡಿ. ಬೋರ್ಡ್ ನೋಡಿ ಬರೆಯುವುದು ಅರ್ಧ ಮಾಡಿ.

ತರಬೇತಿ ಅಂತ ಕೇಳಿದಿರಿ. ಸರ್ಕಾರದ ದೀಕ್ಷಾ ಪೋರ್ಟಲ್‌ನಲ್ಲಿ ಶಿಕ್ಷಕರ ನಿಷ್ಠಾ ತರಬೇತಿಯ ಸಮನ್ವಯ ಶಿಕ್ಷಣದ ಪಾಠಗಳಿವೆ. ಸರ್ಟಿಫಿಕೇಟ್‌ಗಾಗಿ ವಿಡಿಯೋ ಓಡಿಸಿ ಬಿಡುವವರೇ ಜಾಸ್ತಿ, ನೀವು ನಿಜವಾಗಿ ನೋಡಿ. ಅದಕ್ಕಿಂತ ಜಾಸ್ತಿ ಕಲಿಯುವುದು, ಬಿಐಇಆರ್‌ಟಿ ಗೃಹಾಧಾರಿತ ಶಿಕ್ಷಣಕ್ಕೆ ಅಂತ ಹೊರಟಾಗ ಒಂದು ದಿನ ಅವರ ಜೊತೆ ಹೋದರೆ. ಶಾಲೆಗೆ ಬರಲು ಆಗದ ಮಕ್ಕಳ ಮನೆಗೆ ಹೋಗಿ ಮಾಡುವ ಪಾಠ ಅದು. ಬೈಕ್ ಹಿಂದೆ ಕೂರಲು ಯಾರೂ ಬೇಡ ಅನ್ನುವುದಿಲ್ಲ.

ಬಿ.ಎ. ಆಗಿದೆ, 26 ವರ್ಷ, ಗಂಡಸು. ಬಿ.ಎಡ್. ಸ್ಪೆಷಲ್ ಮಾಡುತ್ತೇನೆ ಅಂದರೆ "ಅದು ಹೆಣ್ಣುಮಕ್ಕಳ ಕೆಲಸ" ಅಂತ ಗೆಳೆಯರು ನಗುತ್ತಾರೆ. ತಂದೆ ತಾಯಿ ನಂಬಿ ಮಕ್ಕಳನ್ನು ಬಿಡುತ್ತಾರಾ?
ಕಲಬುರಗಿ

ಹುಡುಗರು ಬೆಳೆದು ಹದಿನೈದು ದಾಟುತ್ತಾರೆ. ಮೀಸೆ ಬರುತ್ತದೆ. ಗಡ್ಡ ಹೆರೆದುಕೊಳ್ಳುವುದು, ಬಸ್ ನಿಲ್ದಾಣದ ಗಂಡಸರ ಶೌಚಾಲಯ ಬಳಸುವುದು, ಎಲ್ಲಿ ಬಟ್ಟೆ ಬಿಚ್ಚಬಾರದು ಅನ್ನುವುದು, ಇದನ್ನೆಲ್ಲ ಯಾರು ಕಲಿಸಬೇಕು? ನಮ್ಮ ಶಾಲೆಗಳಲ್ಲಿ ದೊಡ್ಡ ಹುಡುಗರ ತರಗತಿಗೆ ಮೇಷ್ಟ್ರು ಸಿಗದೆ ಪರದಾಡಿದ್ದೇವೆ. ನೀವು ಬಂದರೆ ಮುಖ್ಯಶಿಕ್ಷಕಿಯರು ಕುರ್ಚಿ ಹಾಕಿ ಕೂರಿಸುತ್ತಾರೆ.

ನಂಬಿಕೆಯ ಪ್ರಶ್ನೆ ಸರಿಯಾದದ್ದೇ, ಕೇಳಿದ್ದು ಒಳ್ಳೆಯದಾಯಿತು. ಬಾಗಿಲು ಹಾಕಿದ ಕೋಣೆಯಲ್ಲಿ ಮಗುವಿನ ಜೊತೆ ಒಬ್ಬರೇ ಇರಬಾರದು. ಸ್ನಾನ, ಶೌಚದ ಸಹಾಯಕ್ಕೆ ಇಬ್ಬರು ಇರಬೇಕು, ಪುಸ್ತಕದಲ್ಲಿ ಬರೆಯಬೇಕು. ಈ ನಿಯಮ ಗಂಡಸರಿಗೆ ಮಾತ್ರ ಅಲ್ಲ, ನನಗೂ ಇತ್ತು. ಇಂಥ ನಿಯಮ ಇಲ್ಲದ ಶಾಲೆಗೆ ಸೇರಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಒಮ್ಮೆ ಓದಿಕೊಳ್ಳಿ.

ಬಿ.ಎಡ್. ಸೀಟು ಸಿಗದಿದ್ದರೆ ವೃತ್ತಿ ಪುನರ್ವಸತಿ ಡಿಪ್ಲೊಮಾ ನೋಡಿ. ಶಾಲೆ ಮುಗಿಸಿದ ಹುಡುಗರನ್ನು ಕೆಲಸಕ್ಕೆ ತಯಾರು ಮಾಡುವ ಓದು. ಸನ್ನೆ ಭಾಷೆ ಇಷ್ಟವಾದರೆ ಎರಡು ವರ್ಷದ ದುಭಾಷಿ ಡಿಪ್ಲೊಮಾ ಇದೆ. ಕಿವುಡರಿಗೆ ಆಸ್ಪತ್ರೆ, ಕೋರ್ಟ್, ಕಾಲೇಜು ಎಲ್ಲ ಕಡೆ ದುಭಾಷಿ ಬೇಕು, ಜನ ತೀರಾ ಕಡಿಮೆ.

ಕೋರ್ಸ್ ಶುರುವಾಗುವ ತನಕ ಸುಮ್ನೆ ಕೂರಬೇಡಿ. ಹತ್ತಿರದ ವಿಶೇಷ ಶಾಲೆಗೆ ಹೋಗಿ, ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ ಅನ್ನಿ. ಆಧಾರ್‌ನಲ್ಲಿ ಹೆಸರು ಒಂದು ಥರ, ಶಾಲೆ ದಾಖಲೆಯಲ್ಲಿ ಇನ್ನೊಂದು ಥರ ಇರುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಅವರ ಅಪ್ಪ ಅಮ್ಮಂದಿರ ಜೊತೆ ತಾಲ್ಲೂಕು ಕಚೇರಿಗೆ, ಜಿಲ್ಲಾ ಆಸ್ಪತ್ರೆಗೆ ನಾಲ್ಕು ಸಲ ಹೋಗಿ ಬನ್ನಿ. ಅಡ್ಮಿಷನ್ ಹೊತ್ತಿಗೆ ಆ ಮಕ್ಕಳ ಹೆಸರು, ಮನೆ, ಅಪ್ಪನ ಕೆಲಸ ಎಲ್ಲ ನಿಮಗೆ ಗೊತ್ತಿರುತ್ತದೆ.